ವಾದಿ ಕೊಂಡುಹೋದವನು

ನಾವಿದ್ದ ಹಳ್ಳಿಯಲ್ಲಿ ಹಳಬರು ಯಾರಿಗೂ ಹುಟ್ಟಿದ ತಾರೀಕು ಗೊತ್ತಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ಎಲ್ಲರದ್ದೂ ಜನವರಿ ಒಂದು. ವಯಸ್ಸು ಕೇಳಿದರೆ ಬಿರುಗಾಳಿಯಿಂದ ಲೆಕ್ಕ ಹೇಳುತ್ತಿದ್ದರು. ಗರಿಯ ಮನೆಗಳೆಲ್ಲ ಹಾರಿಹೋದ ವರ್ಷ ಒಬ್ಬ ಹಾಲು ಕುಡಿಯುವ ಮಗು, ಕಡಲು ತೋಟದೊಳಗೆ ಬಂದು ಬಾವಿಗಳೆಲ್ಲ ಉಪ್ಪಾದ ವರ್ಷ ಇನ್ನೊಬ್ಬಳ ಮದುವೆ. ಮಂಗಳೂರಿನ ಆಚೆಯ ಕಡಲತೀರದಿಂದ ಮದುವೆಯಾಗಿ ಹೊಸದಾಗಿ ಬಂದ ನನಗೆ ಇದೆಲ್ಲ ತಮಾಷೆಯಾಗಿ ಕಾಣುತ್ತಿತ್ತು. ಇವರಿಗೇನು ಕ್ಯಾಲೆಂಡರಿಗೆ ಬರವೇ ಎಂದು ಗಂಡನ ಹತ್ತಿರ ನಗುತ್ತಿದ್ದೆ. ಈಗ ನನ್ನ ಲೆಕ್ಕವೂ ಹಾಗೆಯೇ ಆಗಿದೆ. ದೊಡ್ಡ ಮಗಳು ಹುಟ್ಟಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಮೈದುನ ಹೋದ ಮರುವರ್ಷ ಎಂದೇ ಬಾಯಿಗೆ ಬರುತ್ತದೆ.

ಮಸ್ಕತಿನಿಂದ ಆಚೆ, ಸಹಮ್ ಪೇಟೆಯಿಂದ ಒಳಗೆ, ಕಡಲಿಗೂ ಗುಡ್ಡಸಾಲಿಗೂ ನಡುವೆ ಇದ್ದ ಹಳ್ಳಿ ಅದು. ಖರ್ಜೂರ, ನಿಂಬೆ, ಅಲ್ಲೊಂದು ಇಲ್ಲೊಂದು ಮಾವಿನ ಮರ. ನನ್ನ ಗಂಡ ಮತ್ತು ಅವರ ತಮ್ಮ ಸೇರಿ ಅಲ್ಲಿ ಬಕಾಲ ನಡೆಸುತ್ತಿದ್ದರು. ಬಕಾಲ ಎಂದರೆ ಎಂತ, ನಮ್ಮ ಕಡೆಯ ದಿನಸಿ ಅಂಗಡಿಯೇ. ಅಂಗಡಿಯ ಹಿಂದೆ ನಮ್ಮ ಎರಡು ಕೋಣೆ, ಕೋಣೆಯ ಹಿಂದೆ ನಮ್ಮ ವೀಸಾಕ್ಕೆ ಜವಾಬ್ದಾರನಾದ ಕಫೀಲನ ತೋಟ. ಆ ತೋಟದ ಯಜಮಾನಿ ಕಫೀಲನ ತಾಯಿ. ಊರಿಗೆಲ್ಲ ಅವಳು ಹಬ್ಬೂಬ, ಅಂದರೆ ಅಜ್ಜಿ. ನಾನೂ ಹಾಗೆಯೇ ಕರೆದೆ. ನನಗೆ ಅರಬಿ ಕಲಿಸಿದವಳು ಅವಳೇ. ತಪ್ಪು ಮಾತಾಡಿದರೆ ಕೈಗೆ ಒಂದು ಏಟು, ಸರಿಯಾಗಿ ಮಾತಾಡಿದರೆ ಒಂದು ಖರ್ಜೂರ. ನನ್ನಮ್ಮ ಕೂಡ ನನ್ನನ್ನು ಇಷ್ಟು ಹಚ್ಚಿಕೊಂಡಿರಲಿಲ್ಲ.

ಹಳ್ಳಿಗೂ ಸಹಮಿಗೆ ಹೋಗುವ ದಾರಿಗೂ ಅಡ್ಡವಾಗಿ ವಾದಿ ಇತ್ತು. ವಾದಿ ಎಂದರೆ ಹೊಳೆ, ಆದರೆ ನೀರಿಲ್ಲದ ಹೊಳೆ. ವರ್ಷವಿಡೀ ಬರೀ ಕಲ್ಲು, ಮರಳು. ಅದರೊಳಗೆ ಆಡು ಮೇಯುತ್ತಿದ್ದವು, ಸಂಜೆ ಹೊತ್ತು ಹುಡುಗರು ಚೆಂಡು ಒದೆಯುತ್ತಿದ್ದರು, ಗಾಡಿಗಳು ಆಚೆಯಿಂದ ಈಚೆ ದಾಟುತ್ತಿದ್ದವು. ಈಗಿನ ಸೇತುವೆ ಆಗ ಇರಲಿಲ್ಲ. ಇದನ್ನು ಹೊಳೆ ಎಂದರೆ ನಮ್ಮ ನೇತ್ರಾವತಿಗೆ ಅವಮಾನ ಎಂದು ಮೈದುನ ಹೇಳುತ್ತಿದ್ದ.

ಅವನು ಹಾಗೆಯೇ. ಎಲ್ಲದಕ್ಕೂ ಒಂದು ಮಾತು. ಅಂಗಡಿಯಲ್ಲಿ ಅವನಿದ್ದರೆ ಒಂದು ಸೋಪು ಕೊಳ್ಳಲು ಬಂದವರೂ ಅರ್ಧ ಗಂಟೆ ನಿಂತು ನಕ್ಕು ಹೋಗುತ್ತಿದ್ದರು. ನನ್ನ ಗಂಡ ಮಾತಿಗೆ ಬಹಳ ಕಂಜೂಸು, ತನ್ನ ಪಾಲಿನದ್ದನ್ನೂ ತಮ್ಮನೇ ಆಡಲಿ ಎಂದು ಬಿಟ್ಟುಬಿಟ್ಟಂತೆ ಇದ್ದರು. ಆ ವರ್ಷ ಮೈದುನ ಊರಿಗೆ ಹೋಗಿ ಮದುವೆಯಾಗಿ, ರಜೆ ಮುಗಿಯಿತೆಂದು ಹೆಂಡತಿಯನ್ನು ಅಲ್ಲೇ ಬಿಟ್ಟು ಬಂದಿದ್ದ. ವೀಸಾ ಆದ ಮೇಲೆ ಕರೆಸಿಕೊಳ್ಳುವುದೆಂದು ಮಾತಾಗಿತ್ತು. ನನಗೆ ಓರಗಿತ್ತಿ ಬರುತ್ತಾಳೆ, ಬ್ಯಾರಿ ಭಾಷೆಯಲ್ಲಿ ಹೊಟ್ಟೆ ತುಂಬ ಮಾತಾಡಬಹುದು ಎಂದು ನಾನು ಕಾದಿದ್ದೆ. ಪ್ರತಿ ಶುಕ್ರವಾರ ಅವನು ಸಹಮಿಗೆ ಹೋಗಿ ಊರಿಗೆ ಫೋನು ಮಾಡುತ್ತಿದ್ದ. ಅವಳ ಮನೆಯಲ್ಲಿ ಫೋನಿರಲಿಲ್ಲ. ಮಸೀದಿಯ ಎದುರಿನ ಅಂಗಡಿಗೆ ಅವಳು ಬಂದು ಕೂರುತ್ತಿದ್ದಳು, ಜೊತೆಗೆ ಅವಳ ತಂದೆ. ತಂದೆಯ ಎದುರು ಅವಳು ಹ್ಞಾಂ, ಹೂಂ ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲವಂತೆ. ಅಷ್ಟನ್ನು ಕೇಳಲು ಇವನು ಅಷ್ಟು ದೂರ ಗಾಡಿ ಓಡಿಸುತ್ತಿದ್ದ.

ಇನ್ನು ನಮ್ಮವರ ಮಳೆಯ ಜಂಬ. ಅದನ್ನು ಹೇಳದೆ ಈ ಕತೆ ಹೇಳಲಾಗುವುದಿಲ್ಲ. ಇಲ್ಲಿ ನಾಲ್ಕು ಹನಿ ಬಿದ್ದರೆ ಶಾಲೆಗೆ ರಜೆ, ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರೂ ಅಂಗಳಕ್ಕೆ ಬಂದು ನೆನೆಯುವುದು. ನಾವು ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಮದರಸಕ್ಕೆ ಹೋದವರು. ಮಸ್ಕತಿನ ಘಾಲಾದ ಗ್ಯಾರೇಜಿನಲ್ಲಿದ್ದ ನಮ್ಮೂರಿನವರು ಬಂದಾಗಲೂ ಇದೇ ಮಾತು: ಇದು ಮಳೆಯಾ ಮಾರಾಯ, ಇದು ಆಕಾಶ ಕೆಮ್ಮಿದ್ದು. ನಮ್ಮ ಹೊಳೆ ಏರುವುದು ಕಣ್ಣೆದುರಿನಲ್ಲಿ. ತಲೆಯ ಮೇಲೆ ಮಳೆ ಸುರಿಯುತ್ತದೆ, ಬೆಳಿಗ್ಗೆಯೇ ನೀರು ಕೆಂಪಾಗುತ್ತದೆ, ಸಂಜೆಗೆ ಮೆಟ್ಟಿಲು ಮುಳುಗುತ್ತದೆ, ಅಷ್ಟರಲ್ಲಿ ಅಕ್ಕಿ ಮುಡಿ ಅಟ್ಟಕ್ಕೆ ಹೋಗಿರುತ್ತದೆ. ಮಳೆ ನಿಂತರೆ ಹೆದರಿಕೆಯೂ ನಿಂತಿತು. ಇಲ್ಲಿ ಮಳೆ ಎಲ್ಲೋ ಗುಡ್ಡದ ಹಿಂದೆ ಬೀಳುತ್ತದೆ, ನೀರು ಬಿಸಿಲಿನಲ್ಲಿ ಬರುತ್ತದೆ. ಈ ಮಾತನ್ನು ಹಬ್ಬೂಬ ನಮಗೆ ಎಷ್ಟು ಸಲ ಹೇಳಿದ್ದಳೋ. ತಲೆಯ ಮೇಲಿನ ಆಕಾಶ ನೋಡಬೇಡಿ, ಗುಡ್ಡ ನೋಡಿ ಎನ್ನುತ್ತಿದ್ದಳು. ನಾವು ತಲೆಯಾಡಿಸುತ್ತಿದ್ದೆವು, ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಬಿರುಗಾಳಿ ಬಂದದ್ದು ಗುರುವಾರ. ಗಾಳಿ ಕಡಲ ಕಡೆಯಿಂದ ಬೀಸಿತು. ಅಂಗಡಿಯ ತಗಡಿನ ಬೋರ್ಡು ಎದ್ದುಹೋಯಿತು, ಖರ್ಜೂರದ ಮರಗಳು ಬಗ್ಗಿ ಬಗ್ಗಿ ನೆಲ ಮುಟ್ಟುವಂತಾದವು. ನಾವು ಅಂಗಡಿಯೊಳಗೆ ಅಕ್ಕಿ ಮೂಟೆಗಳನ್ನು ಬಾಗಿಲಿಗೆ ಒತ್ತಿ ಕೂತಿದ್ದೆವು. ಹಬ್ಬೂಬ ಕೂಡ ನಮ್ಮ ಜೊತೆಗೇ ಇದ್ದಳು. ಗರಿಯ ಮನೆಗಳು ಹಾರಿಹೋದ ವರ್ಷದ ಸುದ್ದಿ ಹೇಳುತ್ತಿದ್ದಳು. ಆಗ ಆಡುಗಳು ಮರದ ಕೊಂಬೆಯಲ್ಲಿ ಸಿಕ್ಕಿಕೊಂಡಿದ್ದವಂತೆ, ಮೀನಿನ ದೋಣಿಯೊಂದು ಮಸೀದಿಯ ಬಾವಿಯೊಳಗೆ ಬಿದ್ದಿತ್ತಂತೆ, ಸಿಹಿನೀರಿಗಾಗಿ ಹೆಂಗಸರು ಕತ್ತೆ ಹೊಡೆದುಕೊಂಡು ಗುಡ್ಡದ ಬುಡಕ್ಕೆ ಹೋಗುತ್ತಿದ್ದರಂತೆ. ಎಷ್ಟು ಜನ ಸತ್ತರು ಎಂದು ಮೈದುನ ಕೇಳಿದ. ಅವಳು, ಕಡಲು ಕೆಲವರನ್ನು ಕೊಂಡುಹೋಯಿತು ಎಂದಳು. ಆ ಊರಿನಲ್ಲಿ ನೀರಿಗೆ ಹೋದವರನ್ನು ಸತ್ತರು ಎನ್ನುತ್ತಿರಲಿಲ್ಲ. ಮಯ್ಯತ್, ಅಂದರೆ ಹೆಣ ಸಿಕ್ಕಿ, ಅದನ್ನು ತೊಳೆದು ಮಣ್ಣು ಮಾಡುವವರೆಗೂ ಕೊಂಡುಹೋಯಿತು ಎಂದೇ ಹೇಳುವುದು. ಅದು ಮಾತಿನ ರೀತಿ ಎಂದಷ್ಟೇ ನಾನು ತಿಳಿದಿದ್ದೆ.

ಶುಕ್ರವಾರ ಬೆಳಿಗ್ಗೆ ಎದ್ದಾಗ ಆಕಾಶ ತೊಳೆದಿಟ್ಟ ಹಾಗೆ. ಬಿಸಿಲು ಬಿದ್ದಿತ್ತು. ನಾನು ನೆನೆದ ಚಾಪೆ, ಹಾಸಿಗೆ ಎಲ್ಲ ಹೊರಗೆ ಹಾಕಿದೆ. ಮೈದುನ ನಮಾಝಿಗೆ ಸಹಮಿನ ಮಸೀದಿಗೇ ಹೋಗುತ್ತೇನೆ, ಅಲ್ಲಿಂದ ಹಾಗೇ ಫೋನು ಮಾಡುತ್ತೇನೆ ಎಂದು ಹೊರಟ. ನನ್ನ ಗಂಡ ಇನ್ನೊಂದು ದಿನ ತಡೆ ಎಂದರು. "ರೇಡಿಯೋದಲ್ಲಿ ಮಸ್ಕತ್ ಕಡೆ ಬಿರುಗಾಳಿ ಅಂತ ಹೇಳಿರ್ತಾರೆ ಅಣ್ಣ. ಅವಳು ಅಲ್ಲಿ ಅಂಗಡಿಯಲ್ಲಿ ಬಂದು ಕೂತಿರ್ತಾಳೆ. ಒಂದು ಹಲೋ ಹೇಳಿ ಬರ್ತೇನೆ" ಎಂದ. ಅದಕ್ಕೆ ಯಾರು ಬೇಡ ಎನ್ನುತ್ತಾರೆ? ನನಗೆ, ಅತ್ತಿಗೆ, ಬರುವಾಗ ಮೀನು ತರ್ತೇನೆ, ಮಸಾಲೆ ಅರೆದಿಡಿ ಎಂದು ಹೇಳಿ ಪಿಕಪ್ ಹತ್ತಿದ. ಗಂಡ ಹಳ್ಳಿಯ ಮಸೀದಿಗೆ ಹೋದರು. ನಾನು ಮಸಾಲೆ ಅರೆಯಲು ಕೂತೆ.

ಅವನನ್ನು ಕೊನೆಗೆ ನೋಡಿದ್ದು ಹಬ್ಬೂಬ ಒಬ್ಬಳೇ. ಗಂಡಸರೆಲ್ಲ ನಮಾಝಿಗೆ ಮುಂಚೆಯೇ ಮಸೀದಿ ಸೇರಿದ್ದ ಹೊತ್ತು, ಅವಳು ತಪ್ಪಿಸಿಕೊಂಡ ಆಡನ್ನು ಹುಡುಕಿಕೊಂಡು ವಾದಿಯ ದಂಡೆಗೆ ಹೋಗಿದ್ದಳು. ಗುಡ್ಡದ ಮೇಲೆ ಮೋಡ ಇನ್ನೂ ಕಪ್ಪಾಗಿಯೇ ಇತ್ತಂತೆ. ಪಿಕಪ್ ವಾದಿಗೆ ಇಳಿಯುವುದನ್ನು ಕಂಡು, ಇಳಿಯಬೇಡ, ಗುಡ್ಡ ನೋಡು ಎಂದು ಕೂಗಿದಳಂತೆ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹಬ್ಬೂಬ, ನಾವು ಮಳೆಯಲ್ಲೇ ಹುಟ್ಟಿದವರು" ಎಂದು ಕೈಬೀಸಿ ಇಳಿದೇಬಿಟ್ಟನಂತೆ. ವಾದಿಯ ನಡುವೆ ಹೋಗುವಾಗ ನೀರು ಬಂತು. ಆ ಸದ್ದು ನನಗೂ ಕೇಳಿಸಿತ್ತು. ದೊಡ್ಡ ಲಾರಿಯಿಂದ ಜಲ್ಲಿ ಸುರಿದ ಹಾಗೆ. ಕೈಯಲ್ಲಿ ಮಸಾಲೆ ಹಾಗೇ ಇತ್ತು, ಹೊರಗೆ ಓಡಿದೆ.

ಪಿಕಪ್ ಸಿಕ್ಕಿದ್ದು ಕೆಲವು ದಿನಗಳ ಮೇಲೆ, ವಾದಿ ಕಡಲಿಗೆ ಸೇರುವ ಕಡೆ. ಒಳಗೆಲ್ಲ ಮರಳು ತುಂಬಿತ್ತು. ಓಡಿಸುವವನ ಬದಿಯ ಬಾಗಿಲು ತೆರೆದಿತ್ತು. ಅವನು ಇರಲಿಲ್ಲ. ಹಳ್ಳಿಯವರು ಹಗ್ಗ ಹಿಡಿದು ಹುಡುಕಿದರು, ಪೊಲೀಸರು ಹುಡುಕಿದರು, ಮೀನುಗಾರರು ಕಡಲಲ್ಲಿ ದೋಣಿ ತಿರುಗಿಸಿ ನೋಡಿದರು. ಎಂತದೂ ಸಿಗಲಿಲ್ಲ. ನನ್ನ ಗಂಡ ಒಂದು ಕೋಲು ಹಿಡಿದುಕೊಂಡು ವಾದಿಯ ಉದ್ದಕ್ಕೂ ಮರಳು ಕೆದಕುತ್ತಾ ನಡೆಯುತ್ತಿದ್ದರು. ಊಟಕ್ಕೆ ಕರೆಯಲು ಹೋದರೆ ನನ್ನನ್ನು ಗುರುತಿಲ್ಲದವರಂತೆ ನೋಡುತ್ತಿದ್ದರು.

ಆ ಶುಕ್ರವಾರ ಊರಿನಲ್ಲಿ ಮೈದುನನ ಹೆಂಡತಿ ಅಂಗಡಿಯಲ್ಲಿ ಸಂಜೆಯ ಅಸರ್ ಬಾಂಗ್ ಆಗುವವರೆಗೂ ಕೂತಿದ್ದಳಂತೆ. ಸುದ್ದಿ ಹೋದಾಗ ಮನೆಯಲ್ಲಿ ಎದೆ ಬಡಿದುಕೊಂಡು ಅತ್ತರು. ಅವಳ ತಂದೆ ಪೇಟೆಗೆ ಹೋಗಿ ಬಿಳಿ ಬಟ್ಟೆ ತಂದರು. ಗಂಡ ಸತ್ತ ಹೆಂಗಸು ಬಿಳಿ ಉಟ್ಟು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕಲ್ಲ. ನೆರೆಯ ಹೆಂಗಸರು ಕೋಣೆ ಗುಡಿಸಿ ಚಾಪೆಯನ್ನೂ ಹಾಸಿದರು. ಅಷ್ಟರಲ್ಲಿ ಮಸೀದಿಯ ಉಸ್ತಾದರು ಬಂದು ಕೇಳಿದರು: ಮಯ್ಯತ್ ಸಿಕ್ಕಿತಾ? ಮುಳುಗಿದ್ದನ್ನು ಕಣ್ಣಾರೆ ನೋಡಿದವರು ಇದ್ದಾರಾ? ಇಲ್ಲದಿದ್ದರೆ ಸತ್ತನೆಂದು ಹೇಗೆ ಹೇಳುವುದು, ಗಂಡ ಬದುಕಿರುವ ಹೆಂಗಸು ಇದ್ದತ್ ಕೂರುವುದು ಹೇಗೆ? ನೋಡಿದವರ ಮಾತು ತರಿಸಿ, ಅಲ್ಲಿಯವರೆಗೆ ಕಾಯಿರಿ ಎಂದರು. ಬಿಳಿ ಬಟ್ಟೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು. ಅವಳು ಬಣ್ಣದ ಸೀರೆಯಲ್ಲೇ ಉಳಿದಳು.

ನನ್ನ ಗಂಡ ಹಬ್ಬೂಬಳ ಎದುರು ಹೋಗಿ ನೆಲದ ಮೇಲೆ ಕೂತರು. ನಾನೂ ಇದ್ದೆ, ಕಫೀಲನೂ ಇದ್ದ. ನೀನು ನೋಡಿದ್ದನ್ನು ಸಹಮಿನ ಖಾಝಿಯ ಮುಂದೆ ಹೇಳು, ಅವರ ಕಾಗದ ಊರಿಗೆ ಕಳಿಸುತ್ತೇನೆ, ಹುಡುಗಿಗೊಂದು ದಾರಿಯಾಗುತ್ತದೆ ಎಂದರು. ಅವಳು ಹೇಳುತ್ತೇನೆ ಎಂದಳು. ಏನು ಹೇಳುತ್ತೀ ಎಂದು ಮಗ ಕೇಳಿದ.

"ನೀರು ಬಂತು. ಗಾಡಿ ತಿರುಗಿತು. ಬಾಗಿಲು ತೆರೆಯಿತು. ಆಮೇಲೆ ನಾನು ನೋಡಲಿಲ್ಲ."

ತಲೆ ಮುಳುಗಿದ್ದು ನೋಡಿದೆ ಎಂದು ಒಂದು ಮಾತು ಸೇರಿಸು ಎಂದು ಗಂಡ ಕೈಮುಗಿದರು. ಯಾರ ಎದುರೂ ಕೈಮುಗಿದು ಗೊತ್ತಿಲ್ಲದ ಮನುಷ್ಯ. ಅವಳು ಇಲ್ಲ ಎಂದಳು. ಮಗ ಜೋರು ಮಾಡಿದ, ಅತ್ತ, ಆದರೂ ಇಲ್ಲ. ಬಾಗಿಲು ತೆರೆಯಿತು, ಆಮೇಲೆ ನೋಡಲಿಲ್ಲ, ಅಷ್ಟೇ. ಹಾಗಾದರೆ ನಾನೇ ನೋಡಿದೆ ಎಂದು ಹೇಳುತ್ತೇನೆ ಎಂದು ಗಂಡ ಎದ್ದರು. ಆದರೆ ಆ ಹೊತ್ತಿನಲ್ಲಿ ಅವರು ಮಸೀದಿಯ ಮುಂದಿನ ಸಾಲಿನಲ್ಲಿ ಇದ್ದದ್ದು ಇಡೀ ಊರಿಗೆ ಗೊತ್ತಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಬ್ಬೂಬ ತೋಟದ ಗೋಡೆಯ ಮೇಲಿಟ್ಟ ಖರ್ಜೂರದ ತಟ್ಟೆಯನ್ನು ಒಂದನ್ನೂ ತಿನ್ನದೆ ವಾಪಸ್ ಇಟ್ಟೆ. ಎದುರು ಬಂದರೆ ಮುಖ ತಿರುಗಿಸಿದೆ. ಮುದುಕಿಗೆ ಏನು ಹೋಗುತ್ತದೆ, ಒಂದು ಮಾತು ತಾನೇ, ಅಷ್ಟೂ ಕರುಣೆ ಇಲ್ಲದವಳು ಎಂದು ನೀರು ಸೇದುತ್ತಾ ಅವಳಿಗೆ ಕೇಳುವಂತೆಯೇ ಬ್ಯಾರಿಯಲ್ಲಿ ಬೈದೆ. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತದೆ. ಒಂದು ಮಧ್ಯಾಹ್ನ ಅವಳೇ ನನ್ನ ಕೋಣೆಗೆ ಬಂದು ಬಾಗಿಲ ಬಳಿ ಕೂತಳು. ಕೂರು ಎಂದೂ ನಾನು ಹೇಳಲಿಲ್ಲ.

ಗರಿಯ ಮನೆಗಳು ಹಾರಿಹೋದ ವರ್ಷ ಅವಳಿಗೂ ಹೊಸ ಮದುವೆಯಾಗಿತ್ತಂತೆ. ಗಂಡ ಬಲೆ ಎಳೆಯಲು ಕಡಲಿಗೆ ಹೋಗಿದ್ದ. ಬಿರುಗಾಳಿ ನಿಂತ ಮೇಲೆ ಅವನ ದೋಣಿಯ ತುಂಡುಗಳು ದಡಕ್ಕೆ ಬಂದವು. ಆಗ ಖರ್ಜೂರದ ದಿಂಡಿನಿಂದಲೇ ದೋಣಿ ಕಟ್ಟುತ್ತಿದ್ದರು. ಆ ಕಟ್ಟು ತನ್ನ ಗಂಡನದ್ದೇ ಎಂದು ಅವಳೇ ಗುರುತಿಸಿದಳು. ಮುಳುಗಿದ್ದು ನೋಡಿದೆ ಎಂದು ಅವಳ ಅಣ್ಣ ಖಾಝಿಯ ಮುಂದೆ ಹೇಳಿದ. ಅವಳೂ ಹೌದು ಎಂದಳು. ಅಣ್ಣ ನೋಡಿರಲಿಲ್ಲ. ತಂಗಿ ಒಂಟಿಯಾಗಿ ಉಳಿಯಬಾರದೆಂದು ಹೇಳಿದ್ದು. ಇದ್ದತ್ ಕೂತಳು, ಎದ್ದಳು, ಗಂಡನ ದೊಡ್ಡಪ್ಪನ ಮಗನೊಂದಿಗೆ ಮತ್ತೆ ಮದುವೆಯಾಯಿತು. ಮಗ ಹುಟ್ಟಿದ, ಅವನೇ ಈಗ ನಮ್ಮ ಕಫೀಲ. ಆ ಮಗ ಸೊಂಟದಲ್ಲಿ ಕೂರುವಷ್ಟಾದಾಗ ಒಂದು ದಿನ ಮೊದಲನೆಯವನು ಬಾಗಿಲಲ್ಲಿ ಬಂದು ನಿಂತ. ಯಾವುದೋ ಹಡಗಿನವರು ಅವನನ್ನು ಎತ್ತಿಕೊಂಡು ಬಸ್ರಾಕ್ಕೆ ಕೊಂಡುಹೋಗಿದ್ದರು. ಅಲ್ಲಿ ಕಾಯಿಲೆ ಬಿದ್ದಿದ್ದ. ಬರೆಯಲು ಬರುತ್ತಿರಲಿಲ್ಲ.

"ಏನು ಮಾಡಿದ?" ಎಂದೆ. ಕೇಳಬಾರದು ಎಂದುಕೊಂಡಿದ್ದೆ, ಆದರೂ ಕೇಳಿದೆ.

"ಮಗುವನ್ನು ನೋಡಿದ. ನಾನು ಕಹ್ವಾ ಕೊಟ್ಟೆ. ಕುಡಿದು, ಲೋಟ ಅಲ್ಲಾಡಿಸಿ ಕೊಟ್ಟು ಹೋದ."

ಇಲ್ಲಿ ಕಾಫಿಯ ಪುಟ್ಟ ಲೋಟವನ್ನು ಅಲ್ಲಾಡಿಸಿ ಕೊಟ್ಟರೆ ಸಾಕು, ಇನ್ನು ಬೇಡ ಎಂದರ್ಥ. ಅಲ್ಲಾಡಿಸದಿದ್ದರೆ ಮನೆಯವರು ಹಾಕುತ್ತಲೇ ಇರುತ್ತಾರೆ. ಅವನು ಎಲ್ಲಿಗೆ ಹೋದನೋ ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಊರಿನವರು ನೀರಿಗೆ ಹೋದವರನ್ನು ಸತ್ತರು ಎನ್ನುವುದನ್ನು ಬಿಟ್ಟರು.

"ನಾಲಿಗೆಯಿಂದ ಒಬ್ಬನನ್ನು ಸಾಯಿಸಿದ್ದೇನೆ ಮಗಳೇ. ಇನ್ನೊಬ್ಬನನ್ನು ಸಾಯಿಸಲಾರೆ" ಎಂದಳು.

ನನ್ನ ಕಣ್ಣಲ್ಲಿ ನೀರು ಬಂತು, ನಿಜ. ಆದರೆ ಸಿಟ್ಟು ಇಳಿಯಲಿಲ್ಲ. ನಿನ್ನವನು ಬಂದ ಹಬ್ಬೂಬ, ನಮ್ಮವನು ಬರುವುದಿಲ್ಲ, ಅದು ನಿನಗೂ ಗೊತ್ತು ಎಂದೆ. ಅವಳು ಎದ್ದು ಹೋದಳು. ಅವಳ ಮಾತು ಸರಿಯೆಂದು ನನ್ನ ಬುದ್ಧಿ ಒಪ್ಪುತ್ತಿತ್ತು, ಹೊಟ್ಟೆ ಒಪ್ಪುತ್ತಿರಲಿಲ್ಲ. ಇವತ್ತಿಗೂ ಹಾಗೆಯೇ ಇದೆ. ನಾವಿಬ್ಬರೂ ಆಮೇಲೆ ಮಾತಾಡಿದೆವು, ನನ್ನ ಎರಡೂ ಹೆರಿಗೆಗೆ ಅವಳೇ ಕೈ ಹಿಡಿದಳು. ಆದರೆ ವಾದಿಯ ಸುದ್ದಿ ಇಬ್ಬರೂ ಎತ್ತಲಿಲ್ಲ.

ಇತ್ತ ನಮ್ಮೂರಿನಲ್ಲಿ ಪಿಕಪ್ಪಿನ ಆ ತೆರೆದ ಬಾಗಿಲಿನ ಸುದ್ದಿಗೆ ಕಾಲು ಬಂತು. ದುಬೈಯಿಂದ ಬಂದ ಯಾರೋ, ಮೀನು ಮಾರ್ಕೆಟ್ಟಿನಲ್ಲಿ ಅವನ ಹಾಗೇ ಇದ್ದವನನ್ನು ಕಂಡೆ ಎಂದ. ಕರೆದರೆ ತಿರುಗಿ ನೋಡಲಿಲ್ಲವಂತೆ. ತಿರುಗದವನು ಅವನೇ ಎಂದು ಹೇಗೆ ಗೊತ್ತಾಯಿತು ಎಂದು ಯಾರೂ ಕೇಳಲಿಲ್ಲ. ಸಹಮಿನಿಂದ ದುಬೈ ಏನು ದೂರ, ಬೇರೆ ಹೆಂಗಸು ಇದ್ದಿರಬೇಕು, ಪಿಕಪ್ ಬಿಟ್ಟು ಓಡಿದ್ದಾನೆ ಎಂದು ಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡಿದರು. ನಮ್ಮ ಅತ್ತೆಯಂತೂ ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡರು. ಮಗ ಕೆಟ್ಟವನಾದರೂ ಬದುಕಿರಲಿ ಎಂದು. ತಾಯಿಗೆ ಹಾಗನ್ನಿಸಿದ್ದು ತಪ್ಪೆಂದು ಹೇಗೆ ಹೇಳಲಿ? ಆದರೆ ಅದರ ಅಡಿಯಲ್ಲಿ ಸಿಕ್ಕಿಕೊಂಡದ್ದು ಆ ಹುಡುಗಿ.

ವರ್ಷಗಳು ಕಳೆದ ಮೇಲೆ ಅವಳ ತಂದೆ ಊರಿನ ಖಾಝಿಯವರಲ್ಲಿಗೆ ಹೋದರು. ಗಂಡ ಕಾಣೆಯಾದವಳಿಗೆ ಫಸ್ಕ್ ಕೊಡಬಹುದು, ಮದುವೆ ಬಿಡಿಸಬಹುದು, ಮತ್ತೆ ಮದುವೆಗೆ ಅಡ್ಡಿಯಿಲ್ಲ ಎಂದರಂತೆ. ವರನೂ ಸಿದ್ಧನಿದ್ದ. ಇವಳು ಒಪ್ಪಲಿಲ್ಲ. ಆ ಸಲ ರಜೆಗೆ ಹೋದಾಗ ನಾನೇ ಕೂರಿಸಿಕೊಂಡು ಬುದ್ಧಿ ಹೇಳಿದೆ. ಎಷ್ಟು ದಿನ ಹೀಗೆ ಇರುತ್ತೀ, ಅವನು ಇನ್ನಿಲ್ಲ, ನಿನ್ನ ಜೀವನ ನೋಡಿಕೋ ಎಂದೆ.

"ಫಸ್ಕ್ ಮಾಡಿದ್ರೆ ನಾನು ಅವರನ್ನು ಬಿಟ್ಟ ಹಾಗೆ ಆಗ್ತದೆ ಅಕ್ಕ. ಫೋನ್ ಮಾಡ್ಲಿಕ್ಕೆ ಹೋದವರನ್ನು ಹೇಗೆ ಬಿಡುವುದು? ಸತ್ತಿದ್ದಾರೆ ಅಂತ ಹೇಳಿ, ನಾನು ನಾಳೆಯೇ ಇದ್ದತ್ ಕೂರ್ತೇನೆ."

ಅವಳಿಗೆ ಬೇಕಾದದ್ದು ಇನ್ನೊಂದು ಮದುವೆಯಲ್ಲ. ಅವನಿಗಾಗಿ ನಾಲ್ಕು ಜನರ ಎದುರು ಅಳುವ ಹಕ್ಕು. ಅದನ್ನು ಕೊಡಬಲ್ಲವಳು ಇಡೀ ಲೋಕದಲ್ಲಿ ಒಬ್ಬಳೇ ಇದ್ದಳು, ಅವಳು ಕೊಡಲಿಲ್ಲ. ಆ ಹಬ್ಬೂಬಳೂ ಹೋದಳು. ಕೊನೆಯ ದಿನಗಳಲ್ಲಿ ಅವಳಿಗೆ ನೆನಪು ಕೆಟ್ಟಿತ್ತು. ಬಾಗಿಲು ತೆಗೆದಿದೆ, ಹಾಕಿ, ಹಾಕಿ ಎನ್ನುತ್ತಿದ್ದಳು. ಕೋಣೆಯ ಬಾಗಿಲು ಹಾಕಿಯೇ ಇರುತ್ತಿತ್ತು.

ಕೆಲವು ವರ್ಷಗಳ ಹಿಂದೆ ಮತ್ತೆ ಬಿರುಗಾಳಿ ಬಂತು. ಹಿಂದಿನ ಯಾವುದೂ ಇದರ ಮುಂದೆ ಇಲ್ಲ ಎಂದು ಹಳಬರೇ ಹೇಳಿದರು. ನಮ್ಮ ಅಂಗಡಿಯಲ್ಲಿ ಫ್ರಿಜ್ಜು ತೇಲಿತು, ನೀರು ಇಳಿದ ಮೇಲೆ ಮೊಣಕಾಲಿನವರೆಗೆ ಕೆಸರು. ಹಬ್ಬೂಬಳ ತೋಟದ ನಿಂಬೆ ಗಿಡಗಳೆಲ್ಲ ಒಣಗಿದವು. ವಾದಿ ದಂಡೆಯನ್ನು ಕೊರೆದು ಹೊಸ ದಾರಿ ಮಾಡಿಕೊಂಡಿತ್ತು. ಅಲ್ಲಿ ಜೆಸಿಬಿ ಮಣ್ಣು ಎತ್ತುವಾಗ ಮನುಷ್ಯರ ಮೂಳೆ ಸಿಕ್ಕಿತು. ಸುದ್ದಿ ಕೇಳಿದ ಕೂಡಲೇ ಹೊರಟೆವು. ಗಂಡನಿಗೆ ಈಗ ಮೊಣಕಾಲು ಆಗುವುದಿಲ್ಲ, ಆದರೂ ನನ್ನ ಹೆಗಲು ಹಿಡಿದು ಕೆಸರಿನಲ್ಲಿ ಬಂದರು. ಒಬ್ಬನದ್ದಲ್ಲ, ಹಲವರ ಮೂಳೆ. ಅಲ್ಲಿ ಹಿಂದೆ ಖಬರಸ್ತಾನ ಇತ್ತು, ಹಳೆಯ ಬಿರುಗಾಳಿಯಲ್ಲಿ ಮುಚ್ಚಿಹೋಗಿತ್ತು ಎಂದು ಹಿರಿಯರು ಹೇಳಿದರು. ಪೊಲೀಸರು ನೋಡಿ, ಬಹಳ ಹಳೆಯದು ಎಂದು ಊರಿನವರ ಕೈಗೇ ಕೊಟ್ಟರು. ಎಲ್ಲವನ್ನೂ ಒಟ್ಟಿಗೆ ಎತ್ತರದ ಜಾಗದಲ್ಲಿ ಮಣ್ಣು ಮಾಡಿದರು. ಗಂಡ ಒಂದೊಂದು ಮೂಳೆಯನ್ನೂ ಬಗ್ಗಿ ನೋಡುತ್ತಿದ್ದರು. ಮೂಳೆಯಲ್ಲಿ ತಮ್ಮನ ಗುರುತು ಏನು ಸಿಗುತ್ತದೆ? ನಾನು ಕೈ ಹಿಡಿದು ಕರೆದುಕೊಂಡು ಬಂದೆ.

ಯಾರು ಹೇಳಿದರೋ, ಸಂಜೆಗೆ ಊರಿನಿಂದ ಮೈದುನನ ಹೆಂಡತಿಯ ಫೋನು ಬಂತು. ಈಗ ಅವಳ ಕೈಯಲ್ಲೇ ಫೋನಿದೆ, ಮುಖವೂ ಕಾಣುತ್ತದೆ. ತಲೆ ಪೂರಾ ಬೆಳ್ಳಗಾಗಿದೆ. ಅಣ್ಣನ ಮಕ್ಕಳ ಮನೆಯಲ್ಲಿ ಇದ್ದಾಳೆ, ಹಸಿರು ಸೀರೆ ಉಟ್ಟಿದ್ದಳು.

"ಮೂಳೆ ಸಿಕ್ಕಿತಂತಲ್ಲ ಅಕ್ಕ. ಅವರದ್ದು ಅಂತ ಹೇಳಿ."

ನನ್ನ ಬಾಯಿಗೆ ಹೌದು ಎಂಬ ಮಾತು ಬಂದಿತ್ತು. ಹಬ್ಬೂಬಳನ್ನು ಇಷ್ಟು ವರ್ಷ ಬೈದವಳು ನಾನು. ಒಂದು ಮಾತು ತಾನೇ. ಆದರೆ ಹಿಂದೆಯೇ ಕಹ್ವಾದ ಲೋಟವೂ ಕಣ್ಣ ಮುಂದೆ ಬಂತು. ಸತ್ತಿದ್ದಾನೆಂದು ಗೊತ್ತಿದ್ದೂ, ಎಂದೋ ಒಂದು ದಿನ ಅವನು ಬಂದು ನನ್ನ ಬಾಗಿಲಲ್ಲಿ ನಿಂತರೆ ಎಂಬ ಹೆದರಿಕೆ ನನ್ನೊಳಗೂ ಇತ್ತು.

"ಗೊತ್ತಿಲ್ಲ. ಹಳೆಯ ಖಬರಸ್ತಾನದ್ದು ಅಂತ ಹೇಳ್ತಾರೆ" ಎಂದೆ.

ಅವಳು ಅಳಲಿಲ್ಲ. ಅಪ್ಪ ತಂದ ಬಿಳಿ ಬಟ್ಟೆ ಪೆಟ್ಟಿಗೆಯಲ್ಲೇ ಹಳದಿಯಾಗಿ ಹರಿದುಹೋಯಿತು, ಮೊನ್ನೆ ಬಿರುಗಾಳಿಯ ಸುದ್ದಿ ಕೇಳಿದ ಮೇಲೆ ಹೊಸತು ತರಿಸಿದ್ದೆ, ಈ ಸಲವಾದರೂ ವಾದಿ ಏನಾದರೂ ಕೊಟ್ಟೀತೇನೋ ಎಂದಳು. ಎದ್ದು ಹೋಗಿ ತಂದು ತೋರಿಸಿದಳು. ಒಳ್ಳೆಯ ಬಟ್ಟೆ, ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಸವರುತ್ತಾ ಕೂತಳು.

"ಇರಲಿ ಅಕ್ಕ. ಅಣ್ಣನ ಮಕ್ಕಳಿಗೆ ಹೇಳಿಟ್ಟಿದ್ದೇನೆ. ನಾನು ಹೋದ ಮೇಲೆ ನನ್ನ ಕಫನಿಗೆ ಇದನ್ನೇ ಹಾಕ್ಲಿಕ್ಕೆ."